ಬೈಕ್ ಟ್ಯಾಂಕ್ ನೆಗ್ಗಿದ್ರೆ ಎಳೆಸ್ಬೇಕಾ, ಪುಟ್ಟಿ ಹಾಕಿಸ್ಬೇಕಾ, ಇಲ್ಲ ಟ್ಯಾಂಕೇ ಬದಲಾಯಿಸ್ಬೇಕಾ?

ಟ್ಯಾಂಕ್ ನೆಗ್ಗಿರೋ ಬೈಕ್ ತಗೊಂಡು ನಾಲ್ಕು ಕಡೆ ಕೇಳಿದ್ರೆ ನಾಲ್ಕು ಥರ ಉತ್ತರ ಸಿಗತ್ತೆ. ಟಿಂಕರಿಂಗ್ ಮಾಡೋರು "ಪುಟ್ಟಿ ಹಾಕಿ ಪೇಂಟ್ ಹೊಡ್ದುಬಿಡೋಣ ಸಾರ್, ಗೊತ್ತೇ ಆಗಲ್ಲ" ಅಂತಾರೆ, ಶೋರೂಮಲ್ಲಿ ಟ್ಯಾಂಕ್ ಚೇಂಜ್ ಬಿಟ್ರೆ ಬೇರೆ ಮಾತೇ ಇಲ್ಲ, ಕಾರ್ ಡೆಂಟ್ ತೆಗೆಯೋರು ಪೇಂಟ್ ಮುಟ್ಟದೇನೇ ಎಳೀತೀವಿ ಅಂತಾರೆ, ವಿಡಿಯೋ ನೋಡಿದ್ರೆ ಹೇರ್ ಡ್ರೈಯರ್ ಹಿಡಿದು ಐಸ್ ಇಟ್ರೆ ಟಪ್ ಅಂತ ಹೊರಗೆ ಬಂತು ಅಂತ ತೋರಿಸ್ತಾರೆ. ಎಲ್ಲರೂ ಸುಳ್ಳು ಹೇಳ್ತಿದ್ದಾರೆ ಅಂತಲ್ಲ, ಒಬ್ಬೊಬ್ಬರು ಅವರವರಿಗೆ ಬರೋ ಕೆಲಸ ಹೇಳ್ತಾರೆ ಅಷ್ಟೇ. ನಿಮ್ಮ ಟ್ಯಾಂಕಿಗೆ ಯಾವುದು ಸರಿ ಅನ್ನೋದನ್ನ ನೀವೇ ನೋಡಿ ಹೇಳಬಹುದು, ಅದಕ್ಕೆ ನನ್ನ ಪ್ರಕಾರ ಮೊದ್ಲು ನೋಡಬೇಕಾದ್ದು ನೆಗ್ಗಿನ ಸೈಜ್ ಅಲ್ಲವೇ ಅಲ್ಲ, ಅಲ್ಲಿ ಪೇಂಟ್ ಒಡೆದಿದೆಯಾ ಇಲ್ವಾ ಅನ್ನೋದು.

ಟ್ಯಾಂಕ್ ಚೆನ್ನಾಗಿ ತೊಳೆದು ಒರೆಸಿ, ಸಂಜೆ ಹೊತ್ತು ಟ್ಯೂಬ್‌ಲೈಟ್ ಕೆಳಗೆ ಬೈಕ್ ನಿಲ್ಲಿಸಿ ನೋಡಿ. ಲೈಟಿನ ಗೆರೆ ಟ್ಯಾಂಕ್ ಮೇಲೆ ನೇರವಾಗಿ ಬೀಳತ್ತೆ, ನೆಗ್ಗಿರೋ ಕಡೆ ಬಂದಾಗ ಬಾಗತ್ತೆ. ಗೆರೆ ನಿಧಾನಕ್ಕೆ ಬಾಗಿ ಮತ್ತೆ ಸರಿ ಹೋದ್ರೆ ಅದು ಅಗಲವಾದ ಮೆತ್ತಗಿನ ನೆಗ್ಗು, ತಗಡು ಹೆಚ್ಚು ಹಿಗ್ಗಿಲ್ಲ ಅಂತ ಅರ್ಥ. ಗೆರೆ ಒಂದೇ ಕಡೆ ಚೂಪಾಗಿ ಮುರಿದಂಗೆ ಕಂಡ್ರೆ ಅಲ್ಲಿ ಮಡಿಕೆ ಬಿದ್ದಿದೆ. ಸ್ಟೀಲ್ ಲೋಟ ಕೆಳಗೆ ಬಿದ್ದು ಅಂಚಲ್ಲಿ ಮಡಿಕೆ ಆದ್ರೆ ಎಷ್ಟು ತಟ್ಟಿದ್ರೂ ಆ ಗೆರೆ ಉಳಿಯತ್ತಲ್ಲ, ಹಂಗೇ ಇದೂನು. ಆಮೇಲೆ ಉಗುರಿಂದ ನೆಗ್ಗಿನ ಮೇಲೆ ಅಡ್ಡ ಗೀಚಿ ನೋಡಿ, ಕೂದಲೆಳೆಯಷ್ಟು ಬಿರುಕು ಇದ್ರೂ ಉಗುರಿಗೆ ಸಿಗತ್ತೆ. ಬಿರುಕು ಇಲ್ಲ ಅಂದ್ರೆ ನಿಮ್ಮ ಅದೃಷ್ಟ, ಯಾಕಂದ್ರೆ ಕಂಪನಿ ಪೇಂಟ್ ಉಳಿಸಿಕೊಂಡು ರಿಪೇರಿ ಮಾಡೋ ದಾರಿ ಇನ್ನೂ ತೆರೆದಿದೆ.

ಜಾಗಾನೂ ಮುಖ್ಯ. ಟ್ಯಾಂಕಿನ ಪಕ್ಕದ ಅಗಲವಾದ ಜಾಗದಲ್ಲಿ ಇದ್ರೆ ಸುಲಭ. ಕ್ಯಾಪ್ ಸುತ್ತ, ಕೆಳಗಡೆ ಎರಡು ತಗಡು ಸೇರೋ ಅಂಚು, ಮೊಣಕಾಲು ಕೂರೋ ಕಡೆ ಇರೋ ಚೂಪು ಗೆರೆಗಳು, ಇಲ್ಲೆಲ್ಲಾ ತಗಡು ಗಟ್ಟಿ, ಎಳೆದ್ರೆ ಬರಲ್ಲ. ಅಂಚಿನ ಬೆಸುಗೆ ಹತ್ರ ನೆಗ್ಗಿದ್ರೆ ಮೊದ್ಲು ಪೆಟ್ರೋಲ್ ಒಸರ್ತಿದೆಯಾ ಅಂತ ನೋಡಿ. ಒಂದು ಒಣಗಿದ ಬಿಳಿ ಬಟ್ಟೆ ಒತ್ತಿ ಹಿಡಿದು ಮೂಸಿ ನೋಡಿದ್ರೆ ಗೊತ್ತಾಗತ್ತೆ. ಒಸರ್ತಿದ್ರೆ ಅಂದಚೆಂದದ ಮಾತು ಆಮೇಲೆ, ಮೊದ್ಲು ಪೆಟ್ರೋಲ್ ಇಳಿಸಿ ಬೈಕ್ ಓಡಿಸೋದು ನಿಲ್ಲಿಸಿ.

ಇನ್ನೊಂದು ವಿಷಯ ಬಹಳ ಜನ ಬಿಟ್ಟುಬಿಡ್ತಾರೆ. ಬೈಕ್ ಬಿದ್ದಾಗ ಟ್ಯಾಂಕ್ ನೆಗ್ಗೋದು ಹೆಚ್ಚಾಗಿ ನೆಲಕ್ಕೆ ತಾಗಿ ಅಲ್ಲ, ಹ್ಯಾಂಡಲ್ ಪೂರ್ತಿ ತಿರುಗಿ ಸ್ವಿಚ್ ಬಾಕ್ಸೋ ಲಿವರ್ ಹೋಲ್ಡರ್ರೋ ಬಂದು ಟ್ಯಾಂಕಿಗೆ ಹೊಡೆದು. ಹ್ಯಾಂಡಲ್ ಅಷ್ಟು ತಿರುಗಬಾರ್ದು ಅಂತಾನೇ ಫೋರ್ಕ್ ಹತ್ರ ಒಂದು ಲಾಕ್ ಸ್ಟಾಪರ್ ಇರತ್ತೆ, ಬಿದ್ದ ಹೊಡೆತಕ್ಕೆ ಅದು ಬಗ್ಗಿರತ್ತೆ ಇಲ್ಲ ಮುರಿದಿರತ್ತೆ. ಟ್ಯಾಂಕ್ ಹೊಸದಾಗಿ ಮಾಡಿಸಿ ಸ್ಟಾಪರ್ ಹಂಗೇ ಬಿಟ್ರೆ ಪಾರ್ಕಿಂಗಲ್ಲಿ ಹ್ಯಾಂಡಲ್ ಲಾಕ್ ಮಾಡೋವಾಗ್ಲೇ ಮತ್ತೆ ಅದೇ ಜಾಗ ನೆಗ್ಗತ್ತೆ. ಮೊದ್ಲು ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ಟ್ಯಾಂಕಿಗೂ ಅದಕ್ಕೂ ಮಧ್ಯ ಬೆರಳು ಹೋಗೋಷ್ಟು ಜಾಗ ಇದೆಯಾ ನೋಡ್ಕೊಳ್ಳಿ.

ಈಗ ಒಂದೊಂದೇ ನೋಡೋಣ.

ಹಂಗೇ ಬಿಡೋದು ಕೂಡ ಒಂದು ಆಯ್ಕೆನೇ, ಇದನ್ನ ಯಾರೂ ಹೇಳಲ್ಲ ಯಾಕಂದ್ರೆ ಇದರಲ್ಲಿ ಯಾರಿಗೂ ದುಡ್ಡಿಲ್ಲ. ಪೇಂಟ್ ಒಡೆದಿಲ್ಲ, ಒಸರ್ತಿಲ್ಲ, ದಿನಾ ಆಫೀಸಿಗೆ ಓಡಿಸೋ ಬೈಕು, ಎಲ್ಲಿ ಬೇಕಾದ್ರೂ ನಿಲ್ಲಿಸಬೇಕು ಅಂದ್ರೆ ಬಿಡಿ, ಓಡಿಸಿ. ಪೇಂಟ್ ಒಡೆದಿದ್ರೆ ಮಾತ್ರ ಹಂಗೇ ಬಿಡಬೇಡಿ, ಅದರಲ್ಲೂ ಮಂಗಳೂರು ಉಡುಪಿ ಕಡೆಯವರು, ಮಲೆನಾಡವರು. ಒಂದು ಮಳೆಗಾಲದಲ್ಲಿ ತುಕ್ಕು ಪೇಂಟ್ ಅಡಿಯಲ್ಲಿ ಹರಡಿ ಗುಳ್ಳೆ ಎಬ್ಬಿಸತ್ತೆ. ಸದ್ಯಕ್ಕೆ ದುಡ್ಡಿಲ್ಲ ಅಂದ್ರೆ ಆ ಜಾಗ ಸ್ವಲ್ಪ ಉಜ್ಜಿ ಪ್ರೈಮರ್ ಹಚ್ಚಿ ಟಚ್-ಅಪ್ ಬಣ್ಣ ಬಳಿದಿಟ್ರೂ ಸಾಕು, ಚೆನ್ನಾಗಿ ಕಾಣಲ್ಲ ಆದ್ರೆ ತಗಡು ಉಳಿಯತ್ತೆ.

ಎರಡನೇದು ಪೇಂಟ್ ಮುಟ್ಟದೇ ಎಳೆಯೋದು, ಪಿಡಿಆರ್ ಅಂತಾರೆ. ನನಗೆ ಇದರ ಮೇಲೆ ಪ್ರೀತಿ ಜಾಸ್ತಿ, ಯಾಕಂದ್ರೆ ಫ್ಯಾಕ್ಟರಿಯಲ್ಲಿ ಓವನ್ನಲ್ಲಿ ಬೇಯಿಸಿದ ಪೇಂಟಿನ ಗಟ್ಟಿತನ ಆಮೇಲೆ ಶೆಡ್ಡಲ್ಲಿ ಹೊಡೆದ ಪೇಂಟಿಗೆ ಬರೋದು ಬಹಳ ಕಷ್ಟ. ಕಾರಿನ ಬಾಗಿಲಾದ್ರೆ ಒಳಗಿಂದ ರಾಡ್ ಹಾಕಿ ಒತ್ತಬಹುದು, ಟ್ಯಾಂಕಿಗೆ ಒಳಗೆ ಹೋಗೋಕೆ ಇರೋದು ಕ್ಯಾಪಿನ ತೂತು ಒಂದು, ಕೆಳಗೆ ಪೆಟ್ರೋಲ್ ಕಾಕ್ ತೂತು ಅಥವಾ ಇಂಜೆಕ್ಷನ್ ಬೈಕ್ ಆದ್ರೆ ಪಂಪ್ ಕೂರೋ ದೊಡ್ಡ ತೂತು. ಅದಕ್ಕೇ ಕೆಲವು ಜಾಗಕ್ಕೆ ಬಗ್ಗಿಸಿದ ರಾಡ್ ತಲುಪತ್ತೆ, ಕೆಲವಕ್ಕೆ ತಲುಪಲ್ಲ. ತಲುಪದ ಕಡೆ ಗ್ಲೂ ಹಾಕಿ ಹೊರಗಿಂದ ಎಳೀತಾರೆ. ಕೈ ಪಳಗಿದವರು ಮಾಡೋದನ್ನ ಪಕ್ಕದಲ್ಲಿ ನಿಂತು ನೋಡಿ, ಅವಸರವೇ ಇರಲ್ಲ. ಮೊದ್ಲು ಟ್ಯಾಂಕ್ ಬಿಚ್ಚಿ ಪೆಟ್ರೋಲ್ ಇಳಿಸಿ, ವ್ಯಾಕ್ಸ್ ಎಲ್ಲಾ ಹೋಗೋ ಥರ ಸ್ಪಿರಿಟಲ್ಲಿ ಒರೆಸಿ, ಪ್ಲಾಸ್ಟಿಕ್ ಬಿಲ್ಲೆಗೆ ಬಿಸಿ ಗ್ಲೂ ಹಾಕಿ ನೆಗ್ಗಿನ ಮಧ್ಯ ಅಂಟಿಸಿ, ಗ್ಲೂ ತಣ್ಣಗಾದ ಮೇಲೆ ಪುಲ್ಲರ್ ಕೂರಿಸಿ ಸ್ವಲ್ಪ ಎಳೀತಾರೆ. ಒಂದೇ ಸಲಕ್ಕೆ ಅಲ್ಲ. ಎಳೆದಾಗ ನೆಗ್ಗಿನ ಸುತ್ತ ಸಣ್ಣ ದಿಣ್ಣೆ ಏಳತ್ತೆ, ಅದನ್ನ ನೈಲಾನ್ ಕಡ್ಡಿ ಇಟ್ಟು ಚಿಕ್ಕ ಸುತ್ತಿಗೆಯಲ್ಲಿ ತಟ್ಟಿ ಇಳಿಸ್ತಾರೆ, ಮತ್ತೆ ಎಳೀತಾರೆ, ಮತ್ತೆ ತಟ್ತಾರೆ, ಕಣ್ಣು ಪೂರ್ತಿ ಆ ಲೈಟಿನ ಗೆರೆ ಮೇಲೇ ಇರತ್ತೆ. ಬಿಲ್ಲೆ ಕೀಳೋವಾಗ ಸ್ಪಿರಿಟ್ ಬಿಟ್ರೆ ಗ್ಲೂ ತಾನಾಗೇ ಬಿಡತ್ತೆ, ಚಾಕು ಹಾಕಿ ಕೆರೆಯೋರನ್ನ ಕಂಡ್ರೆ ಟ್ಯಾಂಕ್ ವಾಪಸ್ ಇಸ್ಕೊಂಡು ಬನ್ನಿ.

ಆದ್ರೆ ಒಂದು ಷರತ್ತು. ಪೇಂಟ್ ಕಂಪನಿದೇ ಆಗಿರಬೇಕು. ಮೊದಲೇ ಪುಟ್ಟಿ ಹಾಕಿ ರೀ-ಪೇಂಟ್ ಆಗಿರೋ ಟ್ಯಾಂಕಿಗೆ ಗ್ಲೂ ಹಾಕಿ ಎಳೆದ್ರೆ ನೆಗ್ಗು ಅಲ್ಲೇ ಇರತ್ತೆ, ಪೇಂಟ್ ಮಾತ್ರ ಬಿಲ್ಲೆ ಜೊತೆ ಎದ್ದು ಬರತ್ತೆ. ಸೆಕೆಂಡ್ ಹ್ಯಾಂಡ್ ತಗೊಂಡ ಬೈಕ್ ಆದ್ರೆ ಫ್ರಿಜ್ಜಿಗೆ ಅಂಟಿಸೋ ಸಣ್ಣ ಮ್ಯಾಗ್ನೆಟ್ ಒಂದನ್ನ ತೆಳು ಬಟ್ಟೆಯಲ್ಲಿ ಸುತ್ತಿ ಟ್ಯಾಂಕ್ ತುಂಬಾ ಆಡಿಸಿ ನೋಡಿ, ಎಲ್ಲಿ ಹಿಡಿತ ಸಡಿಲ ಆಯ್ತೋ ಅಲ್ಲಿ ಅಡಿಯಲ್ಲಿ ಪುಟ್ಟಿ ಇದೆ. ಇನ್ನೊಂದು, ಮಡಿಕೆ ಬಿದ್ದಿರೋ ನೆಗ್ಗು ಪಿಡಿಆರ್‌ನಲ್ಲಿ ಪೂರ್ತಿ ಹೋಗಲ್ಲ, ಮುಕ್ಕಾಲು ಹೋಗಬಹುದು, ಅಷ್ಟಕ್ಕೆ ತೃಪ್ತಿ ಆಗೋದಾದ್ರೆ ಮಾಡಿಸಿ. ಆನ್‌ಲೈನಲ್ಲಿ ಸಾವಿರ ಎರಡು ಸಾವಿರದೊಳಗೆ ಸಿಗೋ ಪುಲ್ಲರ್ ಕಿಟ್ಟಲ್ಲಿ ಮನೇಲೇ ಮಾಡಬಹುದಾ ಅಂದ್ರೆ, ಅಗಲವಾದ ಮೆತ್ತಗಿನ ನೆಗ್ಗಾದ್ರೆ ಮಾಡಬಹುದು, ಕಿಟ್ ಜೊತೆ ಬರೋ ಗ್ಲೂ ಕಡ್ಡಿ ಹೆಚ್ಚಾಗಿ ಚೆನ್ನಾಗಿರಲ್ಲ ಅದನ್ನ ಮಾತ್ರ ಬೇರೆ ಒಳ್ಳೇದು ತಗೊಳ್ಳಿ, ಮತ್ತೆ ಜಾಸ್ತಿ ಎಳೆಯೋ ಆಸೆ ಬೇಡ, ಹೊರಗೆ ಉಬ್ಬಿದ ತಗಡನ್ನ ಒಳಗೆ ಕಳಿಸೋದು ಇನ್ನೂ ಕಷ್ಟ.

ಹೇರ್ ಡ್ರೈಯರ್–ಐಸ್ ವಿಷಯ ಬೇಗ ಮುಗಿಸ್ತೀನಿ. ಕಾರಿನ ಅಗಲವಾದ ತೆಳು ಪ್ಯಾನಲ್ಲಲ್ಲಿ ಯಾವಾಗಲೋ ಕೆಲಸ ಮಾಡಬಹುದು, ಟ್ಯಾಂಕ್ ತಗಡು ಅದಕ್ಕಿಂತ ಗಟ್ಟಿ, ಎಲ್ಲಾ ಕಡೆ ಬಾಗಿರೋ ಆಕಾರ, ಏನೂ ಆಗಲ್ಲ. ಇನ್ನು ಪೆಟ್ರೋಲ್ ಇರೋ ಟ್ಯಾಂಕಿಗೆ ಬಿಸಿ ಗಾಳಿ ಹಿಡಿಯೋದು ಜೀವಕ್ಕೇ ಅಪಾಯ.

ಗಾಳಿ ತುಂಬಿಸಿ ಉಬ್ಬಿಸೋದಂತೂ ಖಂಡಿತ ಬೇಡ. ಎಲ್ಲಾ ತೂತು ಮುಚ್ಚಿ ಕಂಪ್ರೆಸರ್ ಹಚ್ಚಿದ್ರೆ ಒಳಗಿಂದ ತಳ್ಳಿ ನೆಗ್ಗು ಹೊರಗೆ ಬರತ್ತೆ ಅಂತ ಲೆಕ್ಕ. ಟ್ಯಾಂಕನ್ನ ಕೆಳಗಿಂದ ನೋಡಿ, ಮಧ್ಯ ಒಂದು ಸುರಂಗ ಇರತ್ತೆ, ಚಾಸಿಸ್ಸಿನ ಪೈಪ್ ಅದರೊಳಗೆ ಕೂರತ್ತೆ. ಗಾಳಿ ಒತ್ತಡಕ್ಕೆ ಮೊದ್ಲು ಸೋಲೋದು ಆ ಸುರಂಗದ ಚಪ್ಪಟೆ ಗೋಡೆ, ಮಡಿಕೆಯಾಗಿ ಗಟ್ಟಿಯಾಗಿರೋ ನೆಗ್ಗು ಅಲ್ಲ. ಸುರಂಗ ಒಳಗೆ ಉಬ್ಬಿದ್ರೆ, ಇಲ್ಲ ಸುರಂಗದ ಆಚೀಚೆ ಇಳಿದಿರೋ ಟ್ಯಾಂಕಿನ ಎರಡು ಕಾಲು ಅಗಲ ಆದ್ರೆ, ಟ್ಯಾಂಕ್ ಮತ್ತೆ ಫ್ರೇಮ್ ಮೇಲೆ ಕೂರೋದೇ ಇಲ್ಲ. ಬೆಸುಗೆ ಬಿಟ್ಟು ಸಿಡಿದ್ರೆ ಪಕ್ಕದಲ್ಲಿ ಇರೋರ ಗತಿ ಏನು ಯೋಚನೆ ಮಾಡಿ. ನೀರು ತುಂಬಿ ಫ್ರೀಜ್ ಮಾಡೋದೂ ಇದೇ ಕಥೆ.

ಪೇಂಟ್ ಒಡೆದಿದೆ, ಮಡಿಕೆ ಬಿದ್ದಿದೆ ಅಂದ್ರೆ ಟಿಂಕರಿಂಗ್, ಪುಟ್ಟಿ, ಪೇಂಟ್. ಪುಟ್ಟಿ ಅಂದ್ರೆ ಮೂಗು ಮುರಿಯೋರಿದ್ದಾರೆ, ನಾನು ಒಪ್ಪಲ್ಲ. ತೆಳ್ಳಗೆ ಹಾಕಿದ ಪುಟ್ಟಿ ವರ್ಷಗಟ್ಟಲೆ ಇರತ್ತೆ. ಕೆಟ್ಟ ಹೆಸರು ಬಂದಿರೋದು ತಗಡು ಎಳೆಯದೇ ನೆಗ್ಗಿನ ತುಂಬ ಪುಟ್ಟಿ ತುಂಬಿಸೋರಿಂದ. ಅಷ್ಟು ದಪ್ಪ ಪುಟ್ಟಿ ಬಿಸಿಲಿಗೆ ಟ್ಯಾಂಕ್ ಕಾದು ಮಳೆಗೆ ತಣ್ಣಗಾಗಿ, ಎಂಜಿನ್ ವೈಬ್ರೇಷನ್ ಬೇರೆ, ಅಂಚಲ್ಲಿ ಬಿರುಕು ಬಿಡತ್ತೆ, ಆ ಬಿರುಕಲ್ಲಿ ನೀರು ಇಳಿಯತ್ತೆ. ಸರಿಯಾದ ಕ್ರಮ ಅಂದ್ರೆ ಮೊದ್ಲು ಪೇಂಟ್ ಕೆರೆದು ತಗಡು ಬರಿ ಮಾಡಿ, ಚಿಕ್ಕ ಪಿನ್ನೋ ವಾಷರ್ರೋ ಸ್ಪಾಟ್ ವೆಲ್ಡ್ ಮಾಡಿ ಸ್ಲೈಡ್ ಹ್ಯಾಮರಲ್ಲಿ ಎಳೆದು, ಆದಷ್ಟು ತಗಡನ್ನೇ ಮಟ್ಟಕ್ಕೆ ತಂದು, ಉಳಿದ 2–3 ಮಿಲಿಮೀಟರ್ ಒಳಗಿನದಕ್ಕೆ ಮಾತ್ರ ಹಾರ್ಡನರ್ ಹಾಕಿದ ಪಾಲಿಯೆಸ್ಟರ್ ಪುಟ್ಟಿ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಪುಟ್ಟಿ ಅಂತ ಟ್ಯೂಬಲ್ಲಿ ಡಬ್ಬದಲ್ಲಿ ಬರತ್ತಲ್ಲ ಅದು ಕೊನೇಲಿ ಸೂಜಿ ತೂತು ಮುಚ್ಚೋಕೆ ಮಾತ್ರ, ದಪ್ಪ ಹಾಕಿದ್ರೆ ಒಣಗ್ತಾ ಒಣಗ್ತಾ ಕುಗ್ಗಿ ಸ್ವಲ್ಪ ದಿನ ಆದ್ಮೇಲೆ ನೆಗ್ಗು ಮತ್ತೆ ಕಾಣಿಸ್ಕೊಳ್ಳತ್ತೆ. ಮಾಡಿಸೋವಾಗ ಒಂದು ಮಾತು ಹೇಳಿ, ಪುಟ್ಟಿ ಹಾಕೋ ಮುಂಚೆ ನನಗೊಂದು ಫೋಟೋ ಕಳಿಸಿ ಅಂತ. ಬರಿ ತಗಡು ಎಷ್ಟು ಮಟ್ಟಕ್ಕೆ ಬಂದಿದೆ ಅಂತ ಆ ಫೋಟೋದಲ್ಲೇ ಗೊತ್ತಾಗತ್ತೆ, ಒಳ್ಳೆ ಕೆಲಸಗಾರರು ಖುಷಿಯಿಂದ ಕಳಿಸ್ತಾರೆ.

ಪೇಂಟಲ್ಲಿ ಕೇಳಬೇಕಾದ್ದು ಒಂದೇ ಪ್ರಶ್ನೆ, ಎನ್‌ಸಿ ಪೇಂಟಾ ಪಿಯು (ಪಾಲಿಯುರಿಥೇನ್) ಪೇಂಟಾ ಅಂತ. ಟ್ಯಾಂಕ್ ಅಂದ್ರೆ ಬಂಕಲ್ಲಿ ಪೆಟ್ರೋಲ್ ಚೆಲ್ಲೋದು ಇದ್ದಿದ್ದೇ. ಎನ್‌ಸಿ ಪೇಂಟ್ ಮೇಲೆ ಪೆಟ್ರೋಲ್ ಬಿದ್ರೆ ಕ್ಯಾಪ್ ಸುತ್ತ ಮಂಕಾಗಿ ಮೆತ್ತಗಾಗಿ ಕೈಗೆ ಬಣ್ಣ ಬರೋಕೆ ಶುರುವಾಗತ್ತೆ. ಹಾರ್ಡನರ್ ಬೆರೆಸಿದ ಪಿಯು, ಅದರ ಮೇಲೆ ಅದೇ ಥರದ ಕ್ಲಿಯರ್ ಕೋಟ್ ಹಾಕಿದ್ರೆ ಅದೇ ಪೆಟ್ರೋಲ್ ಒರೆಸಿದ್ರೆ ಹೋಗತ್ತೆ. ರೇಟ್ ವ್ಯತ್ಯಾಸ ಇರತ್ತೆ, ಆದ್ರೆ ಬೈಕಿನ ಬೇರೆ ಎಲ್ಲಿ ಉಳಿಸಿದ್ರೂ ಟ್ಯಾಂಕಲ್ಲಿ ಇದನ್ನ ಉಳಿಸಬೇಡಿ. ಜೂನ್‌ನಿಂದ ಆಗಸ್ಟ್ ತನಕ, ಮಳೆ ಜೋರಿರೋ ಊರಲ್ಲಿ ತೆರೆದ ಶೆಡ್ಡಲ್ಲಿ ಪೇಂಟ್ ಮಾಡಿಸೋದು ಬೇಡ, ಗಾಳೀಲಿರೋ ತೇವಕ್ಕೆ ಪೇಂಟ್ ಮೇಲೆ ಬಿಳಿ ಮಂಜಿನಂಗೆ ಮುಸುಕು ಕೂರತ್ತೆ. ಬೂತ್ ಇರೋ ಕಡೆ ಆದ್ರೆ ಪರವಾಗಿಲ್ಲ. ಇನ್ನು ಬುಲೆಟ್ಟಿನಂಥ ಬೈಕಲ್ಲಿ ಕೈಯಲ್ಲಿ ಎಳೆದ ಪಿನ್‌ಸ್ಟ್ರೈಪ್ ಇದ್ರೆ, ಚೆನ್ನೈ ಫ್ಯಾಕ್ಟರಿಯಲ್ಲಿ ಬ್ರಷ್ ಹಿಡಿದು ಒಂದೇ ಉಸಿರಲ್ಲಿ ಎಳೀತಾರೆ ಅದನ್ನ, ಪೇಂಟ್ ಮಾಡಿಸಿದ್ರೆ ಅದು ಹೋಯ್ತು, ಆಮೇಲೆ ಸಿಗೋದು ಸ್ಟಿಕ್ಕರ್. ಅಂಥ ಟ್ಯಾಂಕಲ್ಲಿ ಚಿಕ್ಕ ನೆಗ್ಗಿಗೆ ಪಿಡಿಆರ್ ಮಾಡಿಸಿ ಶೇಕಡ ಹತ್ತು ಉಳಿದ್ರೂ ಉಳೀಲಿ ಅಂತ ಬಿಡೋದೇ ವಾಸಿ. ಹಳೇ ಜಾವಾ ಟ್ಯಾಂಕಿನ ಪಕ್ಕದ ಕ್ರೋಮ್ ಭಾಗ ನೆಗ್ಗಿದ್ರೂ ಅಷ್ಟೇ, ಕ್ರೋಮ್ ಮೇಲೆ ಪುಟ್ಟಿ ಹಾಕೋಕಾಗಲ್ಲ, ಒಳಗಿಂದ ರಾಡಲ್ಲಿ ನಿಧಾನಕ್ಕೆ ಒತ್ತಬೇಕು ಇಲ್ಲ ತಗಡು ಸರಿ ಮಾಡಿ ಪೂರ್ತಿ ಹೊಸ ಕ್ರೋಮ್ ಮಾಡಿಸಬೇಕು.

ಇಷ್ಟರಲ್ಲೂ ಆಗದ್ದು ಅಂದ್ರೆ ಟ್ಯಾಂಕ್ ಕತ್ತರಿಸಿ ಒಳಗಿಂದ ತಟ್ಟಿ ಮತ್ತೆ ಬೆಸುಗೆ ಹಾಕೋದು. ಕೆಳಭಾಗದಲ್ಲಿ ಕಿಟಕಿ ಥರ ಕೊಯ್ದು, ಒಳಗೆ ಡಾಲಿ (ತಗಡಿಗೆ ಆನಿಸಿ ಹಿಡಿಯೋ ಕಬ್ಬಿಣದ ಗಟ್ಟಿ) ಹಿಡಿದು ಹೊರಗಿಂದ ತಟ್ಟಿ, ಆಮೇಲೆ ಗ್ಯಾಸ್ ವೆಲ್ಡಿಂಗಲ್ಲಿ ಹಿತ್ತಾಳೆ ಕಡ್ಡಿ ಹಾಕಿ ಮುಚ್ತಾರೆ. ನಮ್ಮಲ್ಲಿ ಇದನ್ನ ಬಹಳ ಚೆನ್ನಾಗಿ ಮಾಡೋ ಹಳೇ ಕೈಗಳಿವೆ. ಆದ್ರೆ ದಯವಿಟ್ಟು ಇದೊಂದನ್ನ ಗಮನ ಇಟ್ಟು ಓದಿ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ. ಬೆಂಕಿ ಹತ್ತೋದು ಪೆಟ್ರೋಲಿಗಲ್ಲ, ಅದರ ಆವಿಗೆ. ಗಾಳೀಲಿ ಆ ಆವಿ ಸುಮಾರು 1.4ರಿಂದ 7.6 ಪರ್ಸೆಂಟ್ ಇದ್ರೆ ಸಾಕು, ಒಂದು ಕಿಡಿಗೆ ಟ್ಯಾಂಕ್ ಸಿಡಿಯತ್ತೆ. ಮೈನಸ್ 40 ಡಿಗ್ರಿ ಆಸುಪಾಸಿನ ಚಳೀಲೂ ಪೆಟ್ರೋಲ್ ಹತ್ತಿಕೊಳ್ಳೋಷ್ಟು ಆವಿ ಬಿಡತ್ತೆ, ಅಂದ್ಮೇಲೆ ನಮ್ಮ ಬಿಸಿಲಲ್ಲಿ ಕೇಳೋದೇ ಬೇಡ. ಆ ಆವಿ ಗಾಳಿಗಿಂತ ಭಾರ, ಟ್ಯಾಂಕಿನ ಮೂಲೆಯಲ್ಲಿ, ಅಂಚಿನ ಮಡಿಕೆಯಲ್ಲಿ ಕೂತೇ ಇರತ್ತೆ, ಕ್ಯಾಪ್ ತೆಗೆದು ಎರಡು ದಿನ ಬಿಸಿಲಲ್ಲಿ ಇಟ್ರೂ ಪೂರ್ತಿ ಹೋಗಿದೆ ಅಂತ ನಂಬೋಕಾಗಲ್ಲ. ಬಲ್ಲವರು ಬಿಸಿ ನೀರು ಸೋಪು ಹಾಕಿ ಮತ್ತೆ ಮತ್ತೆ ತೊಳೆದು, ಕೆಲಸ ಮಾಡೋ ಜಾಗದ ಹತ್ರದ ತನಕ ನೀರು ತುಂಬಿಸಿ ಟ್ಯಾಂಕ್ ವಾಲಿಸಿಟ್ಟು, ಇಲ್ಲ ಆರ್ಗಾನ್ ಗ್ಯಾಸ್ ಬಿಟ್ಕೊಂಡು ಬೆಸುಗೆ ಹಾಕ್ತಾರೆ. ಮೊದ್ಲು ಹೇಳಿದ ಸ್ಪಾಟ್ ವೆಲ್ಡಿಗೂ, ಗ್ರೈಂಡರ್ ಹಿಡಿಯೋದಕ್ಕೂ ಇದೇ ನಿಯಮ. "ತೊಳೆಯೋದೆಲ್ಲಾ ಏನೂ ಬೇಡ, ನಾವು ದಿನಾ ಮಾಡ್ತೀವಿ" ಅಂದವರ ಹತ್ರ ಕೊಡಬೇಡಿ, ನಿಮ್ಮ ಟ್ಯಾಂಕಿಗೋಸ್ಕರ ಅಲ್ಲ, ಅಲ್ಲಿ ಕೆಲಸ ಕಲಿಯೋಕೆ ಬಂದಿರೋ ಹುಡುಗನಿಗೋಸ್ಕರ. ಮನೇಲಿ ಇದನ್ನ ಮಾಡೋ ಮಾತೇ ಇಲ್ಲ.

ಟ್ಯಾಂಕ್ ಬದಲಾಯಿಸೋದು ಯಾವಾಗ ಅಂದ್ರೆ, ಈಗ ಮಾರಾಟದಲ್ಲಿರೋ ಕಮ್ಯೂಟರ್ ಬೈಕ್ ಆಗಿದ್ದು ನೆಗ್ಗು ದೊಡ್ಡದಿದ್ರೆ ಇದೇ ಸುಲಭ. ಒಳ್ಳೆ ಟಿಂಕರಿಂಗ್, ಪಿಯು ಪೇಂಟ್, ಸ್ಟಿಕ್ಕರ್ ಸೆಟ್ ಎಲ್ಲಾ ಕೂಡಿಸಿದ್ರೆ ಕಂಪನಿ ಟ್ಯಾಂಕಿನ ರೇಟಿಗೆ ಹತ್ರ ಹೋಗತ್ತೆ, ಎರಡೂ ಕೊಟೇಷನ್ ತಗೊಂಡು ನೋಡಿ. ಟ್ಯಾಂಕ್ ಬಣ್ಣ ಹೊಡೆದು ಬರತ್ತಾ ಪ್ರೈಮರಲ್ಲೇ ಬರತ್ತಾ, ಕ್ಯಾಪು ಲಾಕು ಜೊತೆಗಿದೆಯಾ ಅಂತ ಕೇಳ್ಕೊಳ್ಳಿ, ಲಾಕ್ ಬೇರೆ ಆದ್ರೆ ಬೈಕಿಗೆ ಎರಡು ಕೀ ಇಟ್ಕೊಂಡು ಓಡಾಡಬೇಕು. ಹಳೇ ಬೈಕಿನ ಕಥೆ ಬೇರೆ. ಮೈಸೂರಲ್ಲಿ 1961ರಿಂದ 1996ರ ತನಕ ಐಡಿಯಲ್ ಜಾವಾ ಫ್ಯಾಕ್ಟರಿ ಇತ್ತು, ಆ ಜಾವಾ ಯೆಜ್ಡಿಗಳು, 1985ರಿಂದ 1996ರ ತನಕ ಬಂದ ಆರ್‌ಎಕ್ಸ್100, ಇವಕ್ಕೆಲ್ಲಾ ಕಂಪನಿ ಹೊಸ ಟ್ಯಾಂಕ್ ಅನ್ನೋದು ಈಗ ಇಲ್ಲ. ಸಿಗೋದು ಡುಪ್ಲಿಕೇಟ್. ತಗಡು ತೆಳು, ಬ್ಯಾಡ್ಜಿನ ತೂತು ಸರಿ ಕೂರಲ್ಲ, ಮುಂದಿನ ರಬ್ಬರ್ ಒಂದು ಕಡೆ ಬಿಗಿ ಒಂದು ಕಡೆ ಸಡಿಲ. ಅಂಥ ಬೈಕಿದ್ದೋರಿಗೆ ನಾನು ಹೇಳೋದು ಒಂದೇ, ಒರಿಜಿನಲ್ ಟ್ಯಾಂಕ್ ಎಷ್ಟೇ ನೆಗ್ಗಿರಲಿ ಗುಜರಿಗೆ ಹಾಕಬೇಡಿ, ತಳ ಗಟ್ಟಿ ಇದ್ರೆ ಕತ್ತರಿಸಿ ತಟ್ಟಿಸಿಯಾದ್ರೂ ಉಳಿಸ್ಕೊಳ್ಳಿ. ಸೆಕೆಂಡ್ ಹ್ಯಾಂಡ್ ಹುಡುಕೋದಾದ್ರೆ ಬೆಂಗಳೂರಲ್ಲಿ ಜೆಸಿ ರೋಡ್, ಶಿವಾಜಿನಗರದ ಗುಜರಿ ಅಂಗಡಿಗಳ ಕಡೆ ಒಂದು ಸುತ್ತು ಹಾಕಬಹುದು, ಮ್ಯಾಗ್ನೆಟ್ಟು ಟಾರ್ಚು ಎರಡೂ ಜೇಬಲ್ಲಿರಲಿ, ಹೊರಗಿನ ಹೊಳಪು ನೋಡಬೇಡಿ, ಕ್ಯಾಪ್ ತೆಗೆದು ಟಾರ್ಚ್ ಬಿಟ್ಟು ಒಳಗೆ ತಳ ನೋಡಿ. ಕಂದು ಪುಡಿ ಸ್ವಲ್ಪ ಇದ್ರೆ ತೊಳೆದು ತೆಗೀಬಹುದು, ಹೊಪ್ಪಳೆ ಎದ್ದಿದ್ರೆ ಬಿಟ್ಟುಬಿಡಿ. ತಗೊಂಡ್ರೆ ಬಿಲ್ ಇಸ್ಕೊಳ್ಳಿ, ಕದ್ದ ಗಾಡಿ ಬಿಡಿಭಾಗ ಆಗಿದ್ರೆ ತಲೆನೋವು ನಿಮಗೆ.

ಇನ್ಶೂರೆನ್ಸ್ ಕ್ಲೇಮ್ ಮಾಡ್ಬೇಕಾ? ಬರೀ ಥರ್ಡ್ ಪಾರ್ಟಿ ಇದ್ರೆ ಏನೂ ಬರಲ್ಲ. ಓನ್ ಡ್ಯಾಮೇಜ್ (ನಮ್ಮ ಗಾಡಿ ಹಾನಿಗೆ ಸಿಗೋ ಕವರ್) ಇದ್ರೂ ಒಂದು ಸಲ ಲೆಕ್ಕ ಹಾಕಿ. ಟ್ಯಾಂಕ್ ಲೋಹದ ಭಾಗ, ಬೈಕಿಗೆ 1ರಿಂದ 2 ವರ್ಷ ಆಗಿದ್ರೆ 10 ಪರ್ಸೆಂಟ್, 3ರಿಂದ 4 ವರ್ಷಕ್ಕೆ 25, 5ರಿಂದ 10 ವರ್ಷಕ್ಕೆ 40 ಪರ್ಸೆಂಟ್ ಸವಕಳಿ ಅಂತ ಕಡಿತಾರೆ, ಪೇಂಟ್ ಸಾಮಾನಿಗೆ 50 ಪರ್ಸೆಂಟ್. ಸವಕಳಿ ಕಡಿಯದ ಜೀರೋ ಡೆಪ್ ಕವರ್ ಇದ್ರೆ ಈ ಕಡಿತ ಇಲ್ಲ. ಜೊತೆಗೆ ನೋ ಕ್ಲೇಮ್ ಬೋನಸ್, ಅಂದ್ರೆ ಕ್ಲೇಮ್ ಮಾಡದೇ ಇದ್ದಿದ್ದಕ್ಕೆ ಪ್ರೀಮಿಯಮ್ಮಲ್ಲಿ ಸಿಗೋ ರಿಯಾಯಿತಿ, ಹೋಗತ್ತೆ, 5 ವರ್ಷ ಕ್ಲೇಮ್ ಮಾಡದೇ 50 ಪರ್ಸೆಂಟಿಗೆ ಬಂದಿದ್ರೆ ಒಂದು ಸಣ್ಣ ನೆಗ್ಗಿಗೆ ಅದನ್ನ ಕಳ್ಕೊಳ್ಳೋದು ನಷ್ಟ. ಬಿದ್ದಾಗ ಟ್ಯಾಂಕ್ ಜೊತೆ ಹೆಡ್‌ಲೈಟು, ಹ್ಯಾಂಡಲ್ಲು, ಸೈಲೆನ್ಸರ್ ಎಲ್ಲಾ ಹೋಗಿದ್ರೆ ಮಾತ್ರ ಕ್ಲೇಮ್ ಮಾಡಿ, ಬರೀ ಟ್ಯಾಂಕಾದ್ರೆ ಕೈಯಿಂದ ಹಾಕೋದೇ ಹೆಚ್ಚಿನ ಸಲ ಲಾಭ. ಪೇಂಟ್ ಮಾಡಿಸೋವಾಗ ಹೆಂಗೂ ಮಾಡಿಸ್ತಿದ್ದೀವಲ್ಲ ಅಂತ ಬಣ್ಣವೇ ಬದಲಾಯಿಸೋ ಆಸೆ ಬರತ್ತೆ, ಆರ್‌ಸಿಯಲ್ಲಿ ಬಣ್ಣ ನಮೂದಾಗಿರತ್ತೆ, ಆರ್‌ಟಿಒದಲ್ಲಿ ತಿದ್ದಿಸದೇ ಬದಲಾಯಿಸಿದ್ರೆ ಚೆಕಿಂಗಲ್ಲೂ ಕ್ಲೇಮಲ್ಲೂ ಪ್ರಶ್ನೆ ಬರತ್ತೆ.

ಯಾವ ದಾರಿ ಹಿಡಿದ್ರೂ ಟ್ಯಾಂಕ್ ಬಿಚ್ಚೋದು ಇದ್ದೇ ಇದೆ. ಕಾರ್ಬೊರೇಟರ್ ಬೈಕಾದ್ರೆ ಕಾಕ್ ಮುಚ್ಚಿ ಪೈಪ್ ಎಳೆದ್ರೆ ಆಯ್ತು. 2020ರ ಏಪ್ರಿಲ್ ಆದ್ಮೇಲೆ ಬಂದ ಬಿಎಸ್6 ಬೈಕ್‌ಗಳಲ್ಲಿ ಹೆಚ್ಚಿನವು ಇಂಜೆಕ್ಷನ್, ಪಂಪ್ ಟ್ಯಾಂಕ್ ಒಳಗೇ ಇರತ್ತೆ, ಲೈನಲ್ಲಿ ಪ್ರೆಶರ್ ಇರತ್ತೆ, ಅದನ್ನ ಇಳಿಸೋಕೆ ಗೊತ್ತಿರೋರೇ ಬಿಚ್ಚಲಿ, ಪಂಪ್ ವಾಪಸ್ ಕೂರಿಸೋವಾಗ ಅಡಿಯ ರಬ್ಬರ್ ಸೀಲ್ ಹೊಸದೇ ಹಾಕಿಸಿ. ಒಳಗೆ ನೀರು ಹೋಗಿದ್ರೆ ಪೂರ್ತಿ ಒಣಗಿಸಿ, ಕೂಡಲೇ ಸ್ವಲ್ಪ 2ಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್ ಆಯಿಲ್) ಬೆರೆಸಿದ ಪೆಟ್ರೋಲ್ ಹಾಕಿ ಎಲ್ಲಾ ಕಡೆ ಕುಲುಕಿ ಚೆಲ್ಲಿಬಿಡಿ, ಬರಿ ತಗಡು ರಾತ್ರಿ ಬೆಳಗಾಗೋದ್ರೊಳಗೆ ತುಕ್ಕು ಹಿಡಿಯತ್ತೆ. ಈಗ ಬಂಕಲ್ಲಿ ಸಿಗೋ ಇ20 ಪೆಟ್ರೋಲಲ್ಲಿರೋ ಎಥನಾಲ್ ನೀರು ಹೀರ್ಕೊಳ್ಳತ್ತೆ, ಒಳಗೆ ಸೀಲರ್ ಕೋಟಿಂಗ್ ಮಾಡಿಸೋದಾದ್ರೆ ಎಥನಾಲ್ ತಡೆಯೋದೇ ಅಂತ ಡಬ್ಬ ಓದಿ ತಗೊಳ್ಳಿ. ಟ್ಯಾಂಕ್ ಕೂರಿಸಿದ ಮೇಲೆ ಒಂದೇ ಸಲ ಫುಲ್ ಮಾಡಬೇಡಿ, ಮೊದ್ಲು ಎರಡು ಲೀಟರ್ ಹಾಕಿ, ಕಿಡಿ ಬೆಂಕಿ ಇಲ್ಲದ ಗಾಳಿಯಾಡೋ ಜಾಗದಲ್ಲಿ ಅಡಿಗೆ ನ್ಯೂಸ್‌ಪೇಪರ್ ಹಾಸಿ ರಾತ್ರಿ ಬಿಡಿ. ಬೆಳಗ್ಗೆ ಪೇಪರಲ್ಲಿ ಕಲೆ ಇಲ್ಲ, ವಾಸನೆ ಇಲ್ಲ ಅಂದ್ರೆ ಫುಲ್ ಮಾಡಿಸಿ ಇನ್ನೊಂದು ರಾತ್ರಿ ಹಂಗೇ ನೋಡಿ, ಯಾಕಂದ್ರೆ ಮೇಲಿನ ಅರ್ಧದಲ್ಲಿ ಬೆಸುಗೆ ಬಿಟ್ಟಿದ್ರೆ ಫುಲ್ ಟ್ಯಾಂಕಲ್ಲಿ ಮಾತ್ರ ಗೊತ್ತಾಗೋದು.